ಪಾಪುನ ತಗೊಂಡ್ ಹೋಗಿ, ಅಮ್ಮ ಇಲ್ಲೇ ಇರ್ಲಿ: ಎರಡನೇ ಮಗು ಬಂದಾಗ ಮೊದಲನೆಯದಕ್ಕೆ ಏನಾಗುತ್ತೆ?

ನೀವು ಎಲ್ಲಿಂದ ಕೇಳ್ತಾ ಇದ್ದೀರೋ, ಕೆಲವರಿಗೆ ಇದು ಬೆಳಗಿನ ಕಾಫಿ ಹೊತ್ತು, ಇನ್ನು ಕೆಲವರಿಗೆ ಮಕ್ಕಳನ್ನು ಮಲಗಿಸಿ ಪಾತ್ರೆ ತೊಳೆಯೋ ಹೊತ್ತು. ಈ ಕಂತು ನಾಲ್ಕು ತಿಂಗಳು ತಡವಾಗಿದೆ. ಕಾರಣ ಏನಂತ ನಡುನಡುವೆ ಕೇಳಿಸೋ ಅಳುವೇ ನಿಮಗೆ ಹೇಳುತ್ತೆ. ಜರ್ಮನಿಯ ಈ ನಮ್ಮ ಪುಟ್ಟ ಫ್ಲಾಟಿಗೆ ಎರಡನೇ ಮಗು ಬಂದಿದೆ. ಮೊದಲನೆಯವಳಿಗೆ ಮೂರೂವರೆ ವರ್ಷ. ಅವಳನ್ನು ಇಲ್ಲಿ ಪುಟ್ಟಿ ಅಂತ ಕರೆಯೋಣ, ಚಿಕ್ಕವನು ಪಾಪು.

ಪಾಪು ಹುಟ್ಟಿ ಎರಡು ವಾರ ಆಗಿತ್ತು. ಊರಿಂದ ವೀಡಿಯೊ ಕಾಲ್. ಆ ಕಡೆ ಮನೆ ತುಂಬ ಜನ. ಪ್ರೀತಿಗೇನೂ ಕಮ್ಮಿ ಇಲ್ಲ. ಒಬ್ಬರು ನಗ್ತಾ ಕೇಳಿದರು: "ಪುಟ್ಟಿ, ಇನ್ನು ಅಮ್ಮ ನಿಂಗಿಲ್ಲ, ಪಾಪುಗೆ ಕಣೇ! ಪಾಪುನ ನಾವು ತಗೊಂಡ್ ಹೋಗ್ಬಿಡ್ತೀವಿ, ಕೊಡ್ತೀಯಾ?" ನಾವೆಲ್ಲ ಚಿಕ್ಕವರಿದ್ದಾಗ ಈ ಪ್ರಶ್ನೆಗೆ ಉತ್ತರ ಕೊಟ್ಟವರೇ. ಪುಟ್ಟಿ ಒಂದು ಕ್ಷಣ ಯೋಚನೆ ಮಾಡಿದಳು. ಆಮೇಲೆ ತುಂಬಾ ಗಂಭೀರವಾಗಿ, "ಪಾಪುನ ತಗೊಂಡ್ ಹೋಗಿ. ಅಮ್ಮ ಇಲ್ಲೇ ಇರ್ಲಿ" ಅಂದಳು. ಆ ಕಡೆ ಎಲ್ಲರೂ ಬಿದ್ದು ಬಿದ್ದು ನಕ್ಕರು. "ನೋಡಿ, ಎಷ್ಟು ಹೊಟ್ಟೆಕಿಚ್ಚು!" ಅಂತ ಒಂದು ಮಾತೂ ಬಂತು. ಅವತ್ತು ರಾತ್ರಿ, ವರ್ಷದ ಹಿಂದೆಯೇ ಡಯಾಪರ್ ಬಿಟ್ಟಿದ್ದ ಹುಡುಗಿ ಹಾಸಿಗೆ ಒದ್ದೆ ಮಾಡಿಕೊಂಡಳು.

ಅದು ಹೊಟ್ಟೆಕಿಚ್ಚಾ? ನಮಗೆ ಹಾಗೆ ಅನಿಸಲಿಲ್ಲ. ಅವಳ ವಾಕ್ಯವನ್ನು ಇನ್ನೊಂದು ಸಲ ಕೇಳಿ. ಅದರಲ್ಲಿ ಪಾಪುವಿನ ಮೇಲೆ ಸಿಟ್ಟಿಲ್ಲ. ಅವಳ ತಕರಾರು ಇರೋದು ಅಮ್ಮನ ವಿಷಯಕ್ಕೆ. ಈ ಕಂತಿನಲ್ಲಿ ಹೇಳಬೇಕು ಅಂದುಕೊಂಡಿರೋ ಮಾತೂ ಅದೇ. ಹೊಸ ಮಗು ಬಂದಾಗ ದೊಡ್ಡ ಮಗು ಮಾಡೋ ರಂಪ ಹೆಚ್ಚಿನ ಮಟ್ಟಿಗೆ ತಮ್ಮ ಅಥವಾ ತಂಗಿಯ ವಿರುದ್ಧ ಅಲ್ಲ. ತನ್ನ ಕೈಯಿಂದ ಜಾರಿದ ಯಾವುದೋ ಒಂದಕ್ಕಾಗಿ. ಜಾರಿರೋದೂ ನಿಜವೇ, ಅದು ಮಗುವಿನ ಕಲ್ಪನೆಯಲ್ಲ.

ವೈದ್ಯಶಾಸ್ತ್ರದಲ್ಲಿ ಒಂದು ಕಾಯಿಲೆಯ ಹೆಸರೇ ಇದಕ್ಕೆ ಸಾಕ್ಷಿ: ಕ್ವಾಷಿಯೋರ್ಕರ್. ಪ್ರೋಟೀನ್ ಕೊರತೆಯಿಂದ ಮಗುವಿನ ಹೊಟ್ಟೆ ಉಬ್ಬಿ, ಕಾಲು ಊದಿಕೊಳ್ಳೋ ಚಿತ್ರವನ್ನು ಹೈಸ್ಕೂಲಿನ ಜೀವಶಾಸ್ತ್ರದ ಪುಸ್ತಕದಲ್ಲಿ ನೋಡಿದ್ದು ನೆನಪಿರಬಹುದು. ಹೆಸರನ್ನು ಬಾಯಿಪಾಠ ಮಾಡಿದೆವು, ಅರ್ಥವನ್ನು ಯಾರೂ ಹೇಳಿಕೊಡಲಿಲ್ಲ. ಅದು ಈಗಿನ ಘಾನಾ ದೇಶದ ಗಾ ಭಾಷೆಯ ಪದ. ಸಿಸಿಲಿ ವಿಲಿಯಮ್ಸ್ ಅನ್ನೋ ವೈದ್ಯೆ ಅಲ್ಲಿ ಕೆಲಸ ಮಾಡ್ತಾ, ಮಕ್ಕಳ ಈ ಕಾಯಿಲೆಯನ್ನು 1933ರಲ್ಲಿ ವಿವರಿಸಿದರು. 1935ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆಯುವಾಗ ಅಲ್ಲಿನ ಹೆಂಗಸರು ಬಳಸುತ್ತಿದ್ದ ಪದವನ್ನೇ ಇಟ್ಟುಕೊಂಡರು. ಅದರ ಅರ್ಥ ಹೆಚ್ಚುಕಮ್ಮಿ ಹೀಗೆ: ಮುಂದಿನ ಕೂಸು ಹುಟ್ಟಿದಾಗ, ಜಾಗ ಕಳಕೊಂಡ ಕೂಸಿಗೆ ಬರೋ ಕಾಯಿಲೆ. ನಾವು ಕನ್ನಡದಲ್ಲಿ ತಮ್ಮನನ್ನ "ಬೆನ್ನಿಗೆ ಬಿದ್ದವನು" ಅಂತೀವಲ್ಲ, ಆ ಬೆನ್ನಿನ ಮಗುವಿನ ಕಡೆಯಿಂದ ನೋಡಿದ ಪದ ಇದು. ಹೊಸ ಕೂಸು ಬಂದ ತಕ್ಷಣ ಹಳೆಯದಕ್ಕೆ ಎದೆಹಾಲು ನಿಲ್ಲುತ್ತೆ. ಅದರ ಬದಲಿಗೆ ಸಿಗೋದು ಬರೀ ಗಂಜಿ. ಬಡತನವಿದ್ದ ಕಡೆ ಆ ಬದಲಾವಣೆ ಜೀವಕ್ಕೇ ಕುತ್ತು ತರುತ್ತಿತ್ತು. ಕಾಯಿಲೆಗೆ ಪ್ರೋಟೀನ್ ಒಂದೇ ಕಾರಣವಾ ಅನ್ನೋ ಚರ್ಚೆ ಇವತ್ತಿಗೂ ಮುಗಿದಿಲ್ಲ, ಅದು ಬೇರೆಯೇ ಕಂತಿಗೆ ಆಗುವಷ್ಟಿದೆ. ಆದರೆ ಆ ತಾಯಂದಿರು ಗಮನಿಸಿದ್ದು ಖಚಿತವಾಗಿತ್ತು.

ಸರಿ, ಹೊಟ್ಟೆ ತುಂಬ ಊಟ ಇರೋ ಮನೆಯಲ್ಲಿ? ಹಾಲು ಬಿಟ್ಟು ಎಷ್ಟೋ ಕಾಲ ಆಗಿರೋ ಮಗುವಿಗೂ ಏನಾದರೂ ಆಗುತ್ತಾ? ಮನುಷ್ಯರಲ್ಲಿ ಇದನ್ನ ಬಿಡಿಸಿ ನೋಡೋದು ಕಷ್ಟ. ತಮ್ಮ ಬಂದ ತಿಂಗಳಲ್ಲೇ ಮಗುವನ್ನು ಶಿಶುವಿಹಾರಕ್ಕೆ ಸೇರಿಸಿರ್ತೀವಿ, ಮಂಚ ಬದಲಾಯಿಸಿರ್ತೀವಿ, ಮನೇನೇ ಬದಲಾಯಿಸಿರ್ತೀವಿ. ಯಾವುದರ ಪರಿಣಾಮ ಯಾವುದು ಅಂತ ಹೇಗೆ ಹೇಳೋದು? ಅದಕ್ಕೇ 2022ರಲ್ಲಿ ಈಲೈಫ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನಮಗೆ ತುಂಬಾ ಹಿಡಿಸಿತು. ವೆರೇನಾ ಬೆರಿಂಗರ್ ಮತ್ತು ಸಂಗಡಿಗರು ಅದನ್ನು ಮಾಡಿದ್ದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಲೂಯಿಕೊಟಾಲೆ ಅನ್ನೋ ಕಾಡಿನಲ್ಲಿ, ಬೊನೊಬೊಗಳ ಮೇಲೆ. ಚಿಂಪಾಂಜಿಗಳಷ್ಟೇ ನಮಗೆ ಹತ್ತಿರದ ನೆಂಟರು ಇವು.

ಕೆಲಸ ಹೇಗೆ ನಡೆದಿರುತ್ತೆ ಅಂತ ಊಹಿಸಿಕೊಳ್ಳಿ. ಮರಿಗಳಿಗೆ ಸೂಜಿ ಚುಚ್ಚೋ ಹಾಗಿಲ್ಲ, ಹತ್ತಿರ ಹೋಗಿ ಹೆದರಿಸೋ ಹಾಗೂ ಇಲ್ಲ. ಅದಕ್ಕೇ ಮರಿ ಮೂತ್ರ ಮಾಡೋವರೆಗೂ ಕಾದು, ಎಲೆ ಮೇಲೆ ಬಿದ್ದ ಹನಿಗಳನ್ನು ಪಿಪೆಟ್‌ನಲ್ಲಿ ಎತ್ತಿಕೊಳ್ತಾರೆ. ಲ್ಯಾಬಿನಲ್ಲಿ ಕೂತು ಪಿಪೆಟ್ ಹಿಡಿಯೋ ನಮ್ಮಂಥವರು ಇಂಥವರಿಗೆ ಕೈ ಮುಗಿಯಬೇಕು. ಹೀಗೆ 26 ಮರಿಗಳ ಮೂತ್ರ ಸಂಗ್ರಹಿಸಿ, ಅದರಲ್ಲಿ ಮುಖ್ಯವಾಗಿ ಕಾರ್ಟಿಸಾಲ್ ಅಳೆದರು. ಕಾರ್ಟಿಸಾಲ್ ಅಂದರೆ ಮೂತ್ರಪಿಂಡದ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಗಳು ಬಿಡೋ ಹಾರ್ಮೋನು. ಇದನ್ನ ಬರೀ "ಒತ್ತಡದ ಹಾರ್ಮೋನು" ಅಂದುಬಿಡೋದು ಸರಿಯಲ್ಲ, ನಿಮಗೆ ಬೆಳಿಗ್ಗೆ ಎಚ್ಚರ ಆಗೋದರಲ್ಲೂ ಅದರ ಪಾತ್ರ ಇದೆ. ತೊಂದರೆ ಎದುರಾದಾಗ ರಕ್ತಕ್ಕೆ ಸಕ್ಕರೆ ಒದಗಿಸಿ, ದೇಹವನ್ನು ತಯಾರು ಮಾಡುತ್ತೆ. ಗಂಟೆಗಟ್ಟಲೆ ಏರಿದರೆ ಒಳ್ಳೇದೇ. ತಿಂಗಳುಗಟ್ಟಲೆ ಏರಿಯೇ ಇದ್ದರೆ ರೋಗನಿರೋಧಕ ವ್ಯವಸ್ಥೆ ಸೊರಗುತ್ತೆ.

ಮರಿಗಳಿಗೆ ತಮ್ಮನೋ ತಂಗಿಯೋ ಹುಟ್ಟಿದ ಹೊತ್ತಿಗೆ ಕಾರ್ಟಿಸಾಲ್ ಐದು ಪಟ್ಟು ಏರಿತ್ತು. ಒಂದೆರಡು ದಿನದ ಮಾತಲ್ಲ, ಸುಮಾರು ಏಳು ತಿಂಗಳು ಹಾಗೇ ಇತ್ತು. ಜೊತೆಗೆ ನಿಯೋಪ್ಟೆರಿನ್ ಅನ್ನೋ, ರೋಗನಿರೋಧಕ ಕೋಶಗಳ ಚಟುವಟಿಕೆ ತೋರಿಸೋ ಇನ್ನೊಂದು ವಸ್ತು ಇಳಿದಿತ್ತು.

ಇದಕ್ಕಿಂತ ಕುತೂಹಲದ ವಿಷಯ ಮುಂದಿದೆ. ಬೊನೊಬೊ ತಾಯಿ ಒಂದು ಮರಿ ಆದ ಮೇಲೆ ಇನ್ನೊಂದಕ್ಕೆ ಹಲವು ವರ್ಷ ಬಿಡುತ್ತೆ. ಕೆಲವು ಅಣ್ಣ-ಅಕ್ಕಂದಿರು ಆಗಲೇ ಹಾಲು ಬಿಟ್ಟು, ತಾವೇ ಹಣ್ಣು ಹುಡುಕಿ ತಿನ್ನುವಷ್ಟು ದೊಡ್ಡವು. ಹಾಲು ಕುಡಿಯೋದು, ಬೆನ್ನ ಮೇಲೆ ಸವಾರಿ, ತಾಯಿಯ ಹತ್ತಿರ ಕಳೆಯೋ ಸಮಯ, ಎಲ್ಲವನ್ನೂ ಸಂಶೋಧಕರು ಲೆಕ್ಕ ಇಟ್ಟಿದ್ದರು. ಇವು ಬಹುಪಾಲು ವಯಸ್ಸಿನ ಜೊತೆ ಮೆಲ್ಲಗೆ ಬದಲಾಗ್ತವೆ. ಕಾರ್ಟಿಸಾಲ್ ಮಾತ್ರ ಹುಟ್ಟಿನ ಹೊತ್ತಿಗೆ ಥಟ್ಟನೆ ಜಿಗಿಯಿತು, ಅದೂ ಮರಿಯ ವಯಸ್ಸು ಎಷ್ಟೇ ಇದ್ದರೂ. ಹಾಲು ನಿಂತಿದ್ದಕ್ಕೆ, ಹಸಿವಿಗೆ ಅಂತ ಹೇಳಿ ಕೈತೊಳೆದುಕೊಳ್ಳೋಕೆ ಆಗಲ್ಲ. ತಾಯಿಯ ಮಡಿಲಲ್ಲಿ ಇನ್ನೊಬ್ಬರು ಕೂತಿದ್ದೇ ಸಾಕಾಯಿತು.

ವಿಕಾಸದ ಕಣ್ಣಿಂದ ನೋಡಿದರೆ ಇದು ಅಷ್ಟು ವಿಚಿತ್ರ ಅಲ್ಲ. 1974ರಲ್ಲಿ ರಾಬರ್ಟ್ ಟ್ರಿವರ್ಸ್ ಒಂದು ಸರಳ ಲೆಕ್ಕ ಹಾಕಿದರು. ತಾಯಿಗೆ ಇಬ್ಬರು ಮಕ್ಕಳೂ ಸಮ, ಇಬ್ಬರಲ್ಲೂ ಅವಳ ಅರ್ಧರ್ಧ ಜೀನುಗಳು. ಮಗುವಿನ ಲೆಕ್ಕದಲ್ಲಿ ತಾನು ಪೂರ್ತಿ ಒಂದು, ತಮ್ಮ ಅರ್ಧ. ಹಾಗಾಗಿ ತಾಯಿ ಕೊಡಬೇಕು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಮಗು ಕೇಳೇ ಕೇಳುತ್ತೆ. ಆದರೆ ತಮ್ಮನ ಲೆಕ್ಕ ಸೊನ್ನೆ ಅಲ್ಲ, ಅರ್ಧ! ಪುಟ್ಟಿ ಬೆಳಿಗ್ಗೆ ಪಾಪುವಿನ ಕಾಲು ಹಿಂಡಿ, ಮಧ್ಯಾಹ್ನ ಅವನಿಗೆ ತನ್ನ ಮೊಲದ ಗೊಂಬೆ ಕೊಟ್ಟಾಗೆಲ್ಲ ನಮಗೆ ಆ ಅರ್ಧ ನೆನಪಾಗುತ್ತೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೊನೊಬೊಗಳ ಸುದ್ದಿ ಓದಿ, "ಅಯ್ಯೋ, ಎರಡನೇ ಮಗು ಮಾಡಿಕೊಂಡು ಮೊದಲನೆಯದಕ್ಕೆ ಅನ್ಯಾಯ ಮಾಡಿದೆವಾ" ಅಂತ ಕೂತರೆ ಅದು ವಿಜ್ಞಾನ ಅಲ್ಲ. ಮನುಷ್ಯರ ಮಕ್ಕಳ ಬಗ್ಗೆ ನೇರವಾದ ದೊಡ್ಡ ಅಧ್ಯಯನ ಇದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬ್ರೆಂಡಾ ವೋಲಿಂಗ್ ತಂಡ 241 ಕುಟುಂಬಗಳನ್ನು ಎರಡನೇ ಹೆರಿಗೆಗೆ ಮೊದಲಿನಿಂದ ಹಿಡಿದು ಚಿಕ್ಕದಕ್ಕೆ ವರ್ಷ ತುಂಬುವವರೆಗೆ ಹಿಂಬಾಲಿಸಿತು. ಸಿಟ್ಟು, ನಿದ್ದೆ, ಅಳು, ಮಂಕಾಗೋದು, ಎಲ್ಲದರ ಏರಿಳಿತ ನೋಡಿದರು. 2017ರಲ್ಲಿ ಬಂದ ವರದಿಯ ಸಾರ: ಬಹುಪಾಲು ಮಕ್ಕಳಲ್ಲಿ ದೊಡ್ಡ ಬಿರುಗಾಳಿಯೇನೂ ಏಳಲಿಲ್ಲ. ತೀರಾ ತೊಂದರೆಗೆ ಸಿಕ್ಕವರು ಕೆಲವೇ ಮಕ್ಕಳು. ಮೊದಲ ಮಗುವನ್ನು ಸಿಂಹಾಸನ ಕಳಕೊಂಡ ರಾಜ ಅಂತ ಕರೆದ ಆಲ್ಫ್ರೆಡ್ ಆಡ್ಲರ್ ಕಾಲದಿಂದಲೂ, ಇದೊಂದು ತಪ್ಪದ ದುರಂತ ಅನ್ನೋ ಭಾವನೆ ಉಳಿದುಬಂದಿದೆ. ಅಂಕಿಅಂಶ ಅದನ್ನು ಒಪ್ಪೋದಿಲ್ಲ.

ಹಾಗಾದರೆ ಐದು ಪಟ್ಟು ಕಾರ್ಟಿಸಾಲು, ದೊಡ್ಡ ತೊಂದರೆ ಇಲ್ಲ, ಎರಡೂ ನಿಜ ಹೇಗಾಗುತ್ತೆ? ಬೊನೊಬೊ ಮರಿಗಳೂ ಏಳು ತಿಂಗಳಾದ ಮೇಲೆ ಸುಧಾರಿಸಿಕೊಂಡವು ಅನ್ನೋದನ್ನ ಮರೀಬೇಡಿ. ಕಷ್ಟ ಆಗೋದು ಬೇರೆ, ಹಾನಿ ಆಗೋದು ಬೇರೆ. ನಡುವೆ ಏನೇನು ಒದಗುತ್ತೆ ಅನ್ನೋದರ ಮೇಲೆ ಬಹಳಷ್ಟು ನಿಂತಿದೆ ಅಂತ ನಮಗನಿಸುತ್ತೆ.

ನಡುವೆ ಒದಗೋದು ಅಂದೆವಲ್ಲ, ಮೊದಲನೇ ಪರೀಕ್ಷೆ ಹೆರಿಗೆಯ ರಾತ್ರಿಯೇ ಬರುತ್ತೆ. ಊರಲ್ಲಾದರೆ ತವರಿನಲ್ಲಿ ಬಾಣಂತನ, ದೊಡ್ಡ ಮಗುವಿಗೆ ಅಜ್ಜಿ ಇದ್ದಾರೆ, ಚಿಕ್ಕಮ್ಮ ಇದ್ದಾರೆ. ನಮ್ಮ ಅಮ್ಮನ ಟಿಕೆಟ್ ಇದ್ದಿದ್ದು ಮುಂದಿನ ವಾರಕ್ಕೆ, ಪಾಪು ಒಂಬತ್ತು ದಿನ ಮೊದಲೇ ಹೊರಟುಬಿಟ್ಟ. ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನ ಪುಟ್ಟಿಯನ್ನು ಕೆಳಗಿನ ಮನೆಯ ಜರ್ಮನ್ ಅಜ್ಜಿಯ ಕೈಗೆ ಕೊಟ್ಟು ಆಸ್ಪತ್ರೆಗೆ ಓಡಿದೆವು. ಆ ರಾತ್ರಿಯ ಬಗ್ಗೆ ನಮಗೆ ಇನ್ನೂ ಒಂಥರಾ ಕಳವಳ.

ಅದಕ್ಕೆ ಕಾರಣ ಒಂದು ಹಳೇ ಸಾಕ್ಷ್ಯಚಿತ್ರ. ಇಂಗ್ಲೆಂಡಿನ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ 1969ರಲ್ಲಿ ಜಾನ್ ಅನ್ನೋ 17 ತಿಂಗಳ ಹುಡುಗನನ್ನು ಚಿತ್ರೀಕರಿಸಿದ್ದರು. ತಾಯಿ ಎರಡನೇ ಹೆರಿಗೆಗೆ ಹೋದಾಗ ಅವನು ಒಂಬತ್ತು ದಿನ ಒಂದು ಶಿಶುಪಾಲನಾ ಕೇಂದ್ರದಲ್ಲಿದ್ದ. ದಾದಿಯರು ಒಳ್ಳೆಯವರೇ. ಆದರೆ ಒಬ್ಬರ ಪಾಳಿ ಮುಗಿದು ಇನ್ನೊಬ್ಬರು ಬರೋರು, ಅವನದು ಅಂತ ಯಾರೂ ಇರಲಿಲ್ಲ. ಮೊದಲು ಒಬ್ಬೊಬ್ಬರ ಹತ್ತಿರವೂ ಹೋಗಿ ನೋಡ್ತಾನೆ, ಆಮೇಲೆ ಊಟ ಬಿಡ್ತಾನೆ, ಅಳ್ತಾನೆ, ಕೊನೆಗೆ ಅಮ್ಮ ಬಂದಾಗ ಅವಳ ಕೈಯಿಂದಲೂ ಕೊಸರಿಕೊಳ್ತಾನೆ. ನೋಡೋಕಾಗಲ್ಲ. ಅದೇ ದಂಪತಿ ಇಂಥದ್ದೇ ಪರಿಸ್ಥಿತಿಯ ಬೇರೆ ನಾಲ್ಕು ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡರು. ಮೊದಲೇ ಪರಿಚಯ ಮಾಡಿಕೊಂಡು, ಮನೆಯ ಅಭ್ಯಾಸಗಳನ್ನು ಕೇಳಿ ತಿಳಿದುಕೊಂಡು, ಅಮ್ಮನ ಮಾತು ಆಡ್ತಾ ಇದ್ದರು. ಆ ಮಕ್ಕಳಿಗೂ ಬೇಸರ ಆಯಿತು, ಆದರೆ ಜಾನ್‌ಗೆ ಆದ ಹಾಗೆ ಕುಸಿಯಲಿಲ್ಲ. ಐದು ಮಕ್ಕಳಿಂದ ನಿಯಮ ಕಟ್ಟೋಕಾಗಲ್ಲ. ಆದರೂ ಪರದೇಶದಲ್ಲಿ ಎರಡನೇ ಹೆರಿಗೆಗೆ ಕಾಯ್ತಾ ಇರೋರಿಗೆ ನಾವು ಹೇಳೋದು ಇಷ್ಟೇ: ಆ ರಾತ್ರಿ ಮಗುವನ್ನು ನೋಡಿಕೊಳ್ಳೋರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ, ಅವರ ಮನೆಯಲ್ಲಿ ಮಗು ಮುಂಚೆಯೇ ಎರಡು ರಾತ್ರಿ ಮಲಗಿರಲಿ. ನಾವು ಮಲಗಿಸಿರಲಿಲ್ಲ. ಜರ್ಮನ್ ಅಜ್ಜಿ ಬೆಳಿಗ್ಗೆ ಬಿಸಿ ಹಾಲು ಕೊಟ್ಟರೆ ಪುಟ್ಟಿ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ಕೂತಿದ್ದಳಂತೆ.

ಮನೆಗೆ ಬಂದ ಮೇಲೆ ಸೂಲಗಿತ್ತಿ ಬಂದರು. ಇಲ್ಲಿ ಹೆಬಾಮೆ ಅಂತಾರೆ, ಹೆರಿಗೆಯ ನಂತರ ಮನೆಗೇ ಬಂದು ನೋಡ್ತಾರೆ, ವಿಮೆಯಲ್ಲೇ ಸೇರಿರುತ್ತೆ. ಒಳಗೆ ಬಂದವರು ಪಾಪುವಿನ ಕಡೆ ತಿರುಗಿಯೂ ನೋಡಲಿಲ್ಲ. ಪುಟ್ಟಿ ಎದುರು ಮಂಡಿಯೂರಿ ಕೂತು, ಹೆಸರು ಕೇಳಿ, "ತಕ್ಕಡಿ ಹಿಡಿದುಕೊಳ್ಳೋಕೆ ನನಗೊಬ್ಬರು ಬೇಕಲ್ಲ" ಅಂದರು. ಬಟ್ಟೆಯ ಜೋಲಿಯಲ್ಲಿ ಮಗುವನ್ನು ತೂಗಿಸೋ ಕೊಕ್ಕೆ ತಕ್ಕಡಿ ಅದು. ಆಮೇಲೆ ಅಳ್ತಾ ಇದ್ದ ಪಾಪುವನ್ನು ತೋರಿಸಿ, "ಇವನಿಗೆ ಏನು ಬೇಕಿರಬಹುದು? ಚಳೀನಾ, ಹಸಿವಾ?" ಅಂತ ಕೇಳಿದರು. ಪುಟ್ಟಿ ಬಟ್ಟೆ ಮುಟ್ಟಿ ನೋಡಿ "ಚಳಿ" ಅಂದಳು.

ಆ ಪ್ರಶ್ನೆ ಎಷ್ಟು ಬೆಲೆಬಾಳುತ್ತೆ ಅಂತ ಆಮೇಲೆ ಓದುವಾಗ ಗೊತ್ತಾಯಿತು. ಜೂಡಿ ಡನ್ ಮತ್ತು ಕ್ಯಾರೊಲ್ ಕೆಂಡ್ರಿಕ್ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 40 ಕುಟುಂಬಗಳ ಮನೆಗಳಿಗೇ ಹೋಗಿ, ಮೂಲೆಯಲ್ಲಿ ಕೂತು ಗಮನಿಸಿ, 1982ರಲ್ಲಿ ಒಂದು ಪುಸ್ತಕ ಬರೆದರು. ಅಮ್ಮ ಕೂಸಿನಲ್ಲಿ ಮುಳುಗಿದ್ದಾಗ ದೊಡ್ಡದರ ತಂಟೆ ಜಾಸ್ತಿ ಆಗುತ್ತೆ ಅಂತ ಅವರೂ ಕಂಡರು, ಅದು ನಮಗೆಲ್ಲ ಗೊತ್ತಿರೋದೇ. ಗೊತ್ತಿಲ್ಲದ್ದು ಏನೆಂದರೆ, ಮೊದಲ ವಾರಗಳಲ್ಲೇ ಕೂಸನ್ನು ಒಬ್ಬ ವ್ಯಕ್ತಿ ಅನ್ನೋ ಹಾಗೆ ಮಾತಾಡಿದ ತಾಯಂದಿರ ಮನೆಗಳಲ್ಲಿ, ಅಂದರೆ "ಅವನಿಗೆ ಏನು ಬೇಕು, ಯಾಕೆ ಅಳ್ತಾನೆ, ನಿನ್ನ ದನಿ ಕೇಳಿ ತಿರುಗಿದ ನೋಡು" ಅಂತ ದೊಡ್ಡ ಮಗುವಿನ ಜೊತೆ ಚರ್ಚೆ ಮಾಡಿದ ಮನೆಗಳಲ್ಲಿ, ವರ್ಷ ಕಳೆದ ಮೇಲೂ ಮಕ್ಕಳಿಬ್ಬರ ಸ್ನೇಹ ಚೆನ್ನಾಗಿತ್ತು. ಹಾಗೆ ಮಾತಾಡೋ ತಾಯಂದಿರು ಬೇರೆ ವಿಷಯದಲ್ಲೂ ಬೇರೆ ಥರ ಇದ್ದಿರಬಹುದು, ಆ ಮಾತೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ಖರ್ಚಿಲ್ಲದ ಔಷಧಿ, ಅಡ್ಡಪರಿಣಾಮ ಇಲ್ಲ.

ಇನ್ನೊಂದು ಪ್ರಯೋಗ. ಸಿಬಿಲ್ ಹಾರ್ಟ್ ಮತ್ತು ಸಂಗಡಿಗರು ಆರು ತಿಂಗಳ ಕೂಸುಗಳ ಎದುರು ತಾಯಂದಿರನ್ನು ಕೂರಿಸಿ, ಕೂಸಿನ ಕಡೆ ನೋಡದೆ ಬೇರೆ ಏನಾದರೂ ಮಾಡೋಕೆ ಹೇಳಿದರು. ತಾಯಿ ಪುಸ್ತಕ ಓದುತ್ತಾ ಇದ್ದರೆ ಕೂಸಿಗೆ ಅಷ್ಟೇನೂ ಅನಿಸಲಿಲ್ಲ. ಮಗುವಿನಂಥ ಗೊಂಬೆ ಎತ್ತಿಕೊಂಡು ಮುದ್ದು ಮಾಡಿದಾಗ ಹೆಚ್ಚು ಕಂಗಾಲಾಯಿತು. ಆರು ತಿಂಗಳಿಗೇ! ಆ ವಯಸ್ಸಿನಲ್ಲಿ ದ್ವೇಷ ಅಸೂಯೆ ಅಂತ ಮನುಷ್ಯರ ದೊಡ್ಡ ದೊಡ್ಡ ಗುಣಗಳನ್ನು ಹೊರಿಸೋಕೆ ಆಗುತ್ತಾ? ಇದು ಅದಕ್ಕಿಂತ ಹಳೆಯದು. ನನ್ನ ಆಸರೆ ಬೇರೆಯವರ ಪಾಲಾಗ್ತಿದೆ ಅಂತ ಬಡಿಯೋ ಗಂಟೆ ಅನ್ನಬಹುದು.

ಈಗ ನಮ್ಮವರ ತಮಾಷೆಗೆ ಬನ್ನಿ. "ಅಮ್ಮ ಇನ್ನು ನಿಂಗಿಲ್ಲ." ಮಗು ಯಾವುದಕ್ಕೆ ಹೆದರಿಕೊಂಡಿದೆಯೋ ಅದನ್ನೇ ದೊಡ್ಡವರೆಲ್ಲ ಸೇರಿ ನಿಜ ಅಂತ ಹೇಳಿದ ಹಾಗೆ. "ಪಾಪುನ ಕೊಡ್ತೀಯಾ?" ಅನ್ನೋದೂ ಅಷ್ಟೇ, ಮನೆಯ ಮಗುವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು ಅಂತ ಅದರ ಕಿವಿಗೆ ಬೀಳುತ್ತೆ. ಇವತ್ತು ಪಾಪು, ನಾಳೆ ನಾನು. ಯಾರನ್ನೂ ನೋಯಿಸದೆ ಇದನ್ನ ಹೇಳೋದು ಸುಲಭ ಇಲ್ಲ, ನಮಗೂ ಎರಡು ವಾರ ಬೇಕಾಯಿತು. ಕೊನೆಗೆ ಕಾಲ್ ಮಾಡಿದಾಗೆಲ್ಲ ಮೊದಲ ಐದು ನಿಮಿಷ ಫೋನು ಪುಟ್ಟಿ ಕೈಗೆ ಕೊಟ್ಟು, "ಪಾಪುಗೆ ಏನು ಇಷ್ಟ ಅಂತ ಇವಳನ್ನ ಕೇಳಿ, ನಮಗಿಂತ ಚೆನ್ನಾಗಿ ಗೊತ್ತು" ಅಂದೆವು. ಪ್ರಶ್ನೆ ಬದಲಾಯಿತು.

ಪುಟ್ಟಿ ಬಾಟಲಿಯಲ್ಲಿ ಹಾಲು ಬೇಕು ಅಂದಾಗ ಕೊಟ್ಟೆವು, ನಾಲ್ಕು ದಿನಕ್ಕೆ ಬೇಜಾರಾಗಿ ಬಿಟ್ಟಳು. ಹಾಸಿಗೆ ಒದ್ದೆಗೆ ಬೈಯಲಿಲ್ಲ, ಹೊದಿಕೆ ಬದಲಾಯಿಸಿದೆವು. ಇಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಹೋಗೋದಂತೂ ಇಲ್ಲವೇ ಇಲ್ಲ, ಮುದ್ದು ಮಾಡೋ ಭರದಲ್ಲೂ ಮೂರು ವರ್ಷದ ಕೈಗೆ ಅಳತೆ ಗೊತ್ತಿರಲ್ಲ. ಊಟ, ನಿದ್ದೆ, ಆಟ ಮೂರೂ ವಾರಗಟ್ಟಲೆ ಕೆಟ್ಟು, ಮಗು ಮಂಕಾಗೇ ಇದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಲೇಬೇಕು. ಎಲ್ಲದಕ್ಕೂ "ತಮ್ಮ ಬಂದಿದ್ದಕ್ಕೆ ಹೀಗೆ" ಅನ್ನೋದೂ ತಪ್ಪು.

ಆದರೆ ಇದೆಲ್ಲ ಇಬ್ಬರೇ ದೊಡ್ಡವರಿಂದ ಆಗೋ ಕೆಲಸವಾ? ಚಿಂಪಾಂಜಿ ತಾಯಿ ಐದಾರು ವರ್ಷ ಬಿಟ್ಟು ಇನ್ನೊಂದು ಮರಿ ಹಾಕುತ್ತೆ, ಒರಾಂಗುಟಾನ್ ಏಳೆಂಟು ವರ್ಷ. ಬೇಟೆ-ಸಂಗ್ರಹಣೆಯಲ್ಲಿ ಬದುಕೋ ಮನುಷ್ಯರಲ್ಲೂ ಈ ಅಂತರ ಮೂರು ನಾಲ್ಕು ವರ್ಷ ಅಷ್ಟೇ. ನಡೆಯೋಕೆ ಬಂದರೂ ದುಡಿದು ತಿನ್ನೋಕೆ ಬಾರದ ಮಗು ಒಂದು ಕೈಯಲ್ಲಿ, ಹಸುಗೂಸು ಇನ್ನೊಂದು ಕೈಯಲ್ಲಿ. ಹೇಗೆ ಸಾಧ್ಯ ಆಯಿತು? ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ಅವರ ವಾದ ಏನೆಂದರೆ, ನಮ್ಮದು ಒಬ್ಬಳೇ ತಾಯಿ ಮಗು ಸಾಕೋ ಜಾತಿಯೇ ಅಲ್ಲ. ಟಾಂಜಾನಿಯಾದ ಹಡ್ಜಾ ಜನರ ನಡುವೆ ಕೆಲಸ ಮಾಡಿದ ಕ್ರಿಸ್ಟೆನ್ ಹಾಕ್ಸ್ ಕೂಡ ಗಡ್ಡೆ ಗೆಣಸು ಅಗೆದು ತರೋ ಅಜ್ಜಿಯರು ಎಷ್ಟು ಮುಖ್ಯ ಅಂತ ತೋರಿಸಿದ್ದಾರೆ, ಅದರಲ್ಲೂ ಮಗಳು ಹೊಸ ಕೂಸಿನಲ್ಲಿ ಕಟ್ಟಿಬಿದ್ದಾಗ. ಅಂದರೆ ದೊಡ್ಡ ಮಗು ಅಮ್ಮನ ಮಡಿಲಿಂದ ಜಾರಿದಾಗ ನೆಲಕ್ಕೆ ಬೀಳ್ತಿರಲಿಲ್ಲ, ಅಜ್ಜಿಯ ಮಡಿಲಿಗೆ ಬೀಳ್ತಿತ್ತು.

ನಮ್ಮ ಅಜ್ಜಿ ಬಂದರು. ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಜರ್ಮನ್ ಕಟ್ಟಡದ ಮೂರೂ ಮಹಡಿಗೆ ಹರಡಿತು. ಬಾಣಂತಿಗೆ, ಕೂಸಿಗೆ ಅಂತ ಬಂದವರು ನಿಜಕ್ಕೂ ಮಾಡಿದ್ದು ಪುಟ್ಟಿಯ ಆರೈಕೆ. ಶಿಶುವಿಹಾರದಿಂದ ಕರಕೊಂಡು ಬರೋದು, ದಾರಿಯಲ್ಲಿ ಕಲ್ಲು ಆರಿಸೋದು, ಕೈತುತ್ತು. ಹಾಸಿಗೆ ಒದ್ದೆ ನಿಂತಿತು. ಆದರೆ ಷೆಂಗೆನ್ ವೀಸಾಕ್ಕೆ 180 ದಿನದಲ್ಲಿ 90 ದಿನ ಅಷ್ಟೇ ಲೆಕ್ಕ. ಹಡ್ಜಾ ಅಜ್ಜಿಗೆ ಆ ತಾಪತ್ರಯ ಇಲ್ಲ.

ಕಳೆದ ತಿಂಗಳು ಅಜ್ಜಿ ಫ್ರಾಂಕ್‌ಫರ್ಟ್‌ನಿಂದ ವಿಮಾನ ಹತ್ತಿದರು. ಪಾಪು ಬಂದ ಬಗ್ಗೆ ಅಷ್ಟೆಲ್ಲ ಓದಿಕೊಂಡಿದ್ದ ನಾವು ಇದಕ್ಕೆ ಪುಟ್ಟಿಯನ್ನು ತಯಾರು ಮಾಡೋದನ್ನೇ ಮರೆತಿದ್ದೆವು. ಮಾರನೇ ದಿನ ಅವಳು ಖಾಲಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು: "ಅಜ್ಜೀನ ಯಾರು ತಗೊಂಡ್ ಹೋದ್ರು?"

ಯಾರೂ ತಗೊಂಡು ಹೋಗಿಲ್ಲ, ಅಜ್ಜಿಗೆ ಅಲ್ಲೂ ಮನೆ ಇದೆ, ತಾತ ಕಾಯ್ತಾ ಇದ್ದಾರೆ ಅಂತ ನೆಲದ ಮೇಲೆ ಕೂತು ಹೇಳಿದೆವು. ಗೋಡೆ ಮೇಲೆ ಒಂದು ಕ್ಯಾಲೆಂಡರ್ ಹಾಕಿ, ಅಜ್ಜಿ ಮತ್ತೆ ಬರೋ ತಿಂಗಳಿಗೆ ಬಣ್ಣ ಹಚ್ಚಿದೆವು. ಒಂದು ವಾರ ಹಾಸಿಗೆ ಮತ್ತೆ ಒದ್ದೆಯಾಯಿತು. ಈಗ ಸಂಜೆ ಶಿಶುವಿಹಾರದಿಂದ ಬರುವಾಗ ಕಲ್ಲು ಆರಿಸೋ ಕೆಲಸ ನಮ್ಮದು, ಅರ್ಧ ಗಂಟೆ, ಪಾಪು ಜೊತೆಗಿಲ್ಲದೆ. ನಮ್ಮಲ್ಲಿ ಯಾರಾದರೂ ಒಬ್ಬರು ಮೀಟಿಂಗ್ ಬಿಟ್ಟು ಹೋಗ್ತೀವಿ.

ಮೊನ್ನೆ ರಾತ್ರಿ ಪಾಪು ಒಂದೇ ಸಮ ಅಳ್ತಾ ಇದ್ದ. ಪುಟ್ಟಿ ತೊಟ್ಟಿಲ ಹತ್ತಿರ ಹೋಗಿ, "ಅಜ್ಜಿ ನೆನಪಾಯ್ತಾ ನಿಂಗೆ?" ಅಂತ ಕೇಳಿದಳು. ಅವನಿಗೆ ಆಗಿದ್ದು ಹಸಿವು. ನಾವು ತಿದ್ದೋಕೆ ಹೋಗಲಿಲ್ಲ.

ನಿಮ್ಮ ಮನೆಯಲ್ಲಿ ಅಜ್ಜಿ ತಾತ ವಾಪಸ್ ಹೋದಾಗ ಮಕ್ಕಳಿಗೆ ಏನು ಹೇಳಿದಿರಿ, ನಮಗೆ ಧ್ವನಿ ಸಂದೇಶ ಕಳಿಸಿ. ನಾವೂ ಕಲೀಬೇಕಿದೆ. ಮುಂದಿನ ಕಂತು ಕೂಸುಗಳ ನಿದ್ದೆಯ ಬಗ್ಗೆ. ಯಾಕೆ ಅಂತ ಕೇಳಬೇಡಿ.